ಬೀಸುವ ಪದ ಕೇಳಿಸಲಿಲ್ಲ

ಮೊನ್ನೆ ಭಾನುವಾರದ ಆನ್‌ಲೈನ್ ಕನ್ನಡ ತರಗತಿಯಲ್ಲಿ ಒಂದು ಫಜೀತಿಯಾಯಿತು. ನಮ್ಮ ಅತ್ತೆಯವರು ರಾಗಿ ಬೀಸುತ್ತಾ ಹಾಡಿದ್ದ ಪದವೊಂದನ್ನು ಹಳೇ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಟ್ಟಿದ್ದೆವು. ಅತ್ತೆ ಈಗಿಲ್ಲ, ಆ ಪದ ಬಲ್ಲವರೂ ಮನೆಯಲ್ಲಿ ಉಳಿದಿಲ್ಲ. ವೈಟ್ಟಿಲದಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡು ತಿರುವನಂತಪುರದ ಮಕ್ಕಳಿಗೆ ಅದನ್ನು ಹಚ್ಚಿದೆ. ನನಗೇನೋ ಚೆನ್ನಾಗಿಯೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗ, "ಆಂಟಿ, ನೀವು ಸುಮ್ನೆ ತಲೆ ಆಡಿಸ್ತಿದ್ದೀರಲ್ಲ, ಯಾಕೆ?" ಎಂದ!

ನಮ್ಮ ಮನೆಯ ಕಂಪ್ಯೂಟರಿನಲ್ಲಿರುವುದು ಉಬುಂಟು ಲಿನಕ್ಸ್. ಕೇರಳದ ಸರ್ಕಾರಿ ಶಾಲೆಗಳಲ್ಲಿ ಓದಿದ ನಿಮಗೆ ಅದು ಹೊಸತಲ್ಲ, ಕೈಟ್ ಸಂಸ್ಥೆ ಶಾಲೆಗಳಿಗೆ ಕೊಡುವುದೂ ಉಬುಂಟುವಿನ ಮೇಲೆ ಕಟ್ಟಿದ್ದೇ. ಹಿಂದೆ ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಸೌಂಡ್ ಕಾರ್ಡನ್ನು ಹಿಡಿದುಕೊಂಡರೆ ಎಷ್ಟೋ ಸಲ ಇನ್ನೊಂದಕ್ಕೆ ಬಾಯಿಯೇ ಇರುತ್ತಿರಲಿಲ್ಲ. ಫ್ಲೈಓವರ್ ಬರುವ ಮುಂಚಿನ ವೈಟ್ಟಿಲ ಜಂಕ್ಷನ್ನಿನ ಹಾಗೆ! ಆಮೇಲೆ ಎಲ್ಲ ಪ್ರೋಗ್ರಾಂಗಳ ಧ್ವನಿಯನ್ನೂ ಬೆರೆಸಿ ಕಾರ್ಡಿಗೆ ಕೊಡುವ ಪಲ್ಸ್ ಆಡಿಯೋ ಬಂತು. ಉಬುಂಟು ಅದನ್ನು 2008ರಲ್ಲಿ ಅಳವಡಿಸಿಕೊಂಡಿತು. 2022ರ 22.10ನೇ ಆವೃತ್ತಿಯಿಂದ ಆ ಕೆಲಸ ಪೈಪ್‌ವೈರ್‌ನದು.

ಆದರೆ ಬೆರೆತ ಧ್ವನಿ ಹೋಗುವುದು ನಮ್ಮ ಕಿವಿಗೆ. ತರಗತಿಯ ಬ್ರೌಸರ್ ಕೇಳಿಸಿಕೊಳ್ಳುವುದು ಮೈಕನ್ನು ಮಾತ್ರ. ಹಾಡಿಗೂ ಮೈಕಿಗೂ ಸಂಬಂಧವೇ ಇಲ್ಲದಿದ್ದರೆ ಅತ್ತ ಹೇಗೆ ಕೇಳೀತು?

ಇದಕ್ಕೆ 'ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್' ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಬೇಕು. ಪೈಪ್‌ವೈರ್ ಇದ್ದರೂ ಅದು ನಡೆಯುತ್ತದೆ. ಅದರ 'ರೆಕಾರ್ಡಿಂಗ್' ಪುಟವನ್ನು ತರಗತಿ ನಡೆಯುತ್ತಿರುವಾಗಲೇ ನೋಡಬೇಕು. ನಾನು ಮೊದಲೇ ತೆರೆದು, ಖಾಲಿ ಪುಟ ನೋಡಿ, ಅರ್ಧ ದಿನ ಕಳೆದೆ. ಅಲ್ಲಿ ಬ್ರೌಸರಿನ ಹೆಸರಿನ ಎದುರು ಮೈಕಿನ ಬದಲು 'ಮಾನಿಟರ್ ಆಫ್' ಎಂದು ಶುರುವಾಗುವ ಸಾಲನ್ನು ಆರಿಸಿದರಾಯಿತು. ಇಂಗ್ಲಿಷ್ ಬಿ.ಎ. ಮಾಡಿದ ನನಗೆ ಮಾನಿಟರ್ ಎಂದರೆ ಕಂಪ್ಯೂಟರಿನ ಪರದೆ, ಇಲ್ಲವೇ ಕ್ಲಾಸಿನ ಲೀಡರು! ಇಲ್ಲಿ ಅದು ಸ್ಪೀಕರಿಗೆ ಹೋಗುವ ಧ್ವನಿಯ ಇನ್ನೊಂದು ಪ್ರತಿ.

ಹಾಡು ಮುಗಿಯುವವರೆಗೆ ನಿಮ್ಮ ಮಾತು ಅತ್ತ ಹೋಗದು, ಮುಗಿದ ಮೇಲೆ ಮತ್ತೆ ಮೈಕಿಗೆ ಬದಲಿಸಬೇಕು. ತರಗತಿಯಲ್ಲಿ ನಿಮ್ಮ ಮೈಕನ್ನು ಮುಚ್ಚಿದರೆ ಹಾಡೂ ನಿಲ್ಲುತ್ತದೆ. ಉಳಿದವರು ಮಾತ್ರ ತಮ್ಮ ಮೈಕ್ ಮುಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಅವರ ಮಾತು ಅವರಿಗೇ ತಿರುಗಿ ಕೇಳುತ್ತದೆ.

ಮುಂದಿನ ಭಾನುವಾರ ಅತ್ತೆಯ ದನಿ ಹೋಯಿತು, ಬೀಸುವ ಕಲ್ಲಿನ ಸದ್ದು ಮಾತ್ರ ಹೋಗಲಿಲ್ಲ. ತರಗತಿಯ ಪ್ರೋಗ್ರಾಂ ಅದನ್ನು ಗದ್ದಲವೆಂದು ಸೋಸಿ ತೆಗೆದುಬಿಟ್ಟಿತ್ತು! ಸೆಟ್ಟಿಂಗಿನಲ್ಲಿ ಗದ್ದಲ ತಡೆಯುವುದನ್ನು ಆರಿಸಿ ಇನ್ನೊಮ್ಮೆ ಹಚ್ಚಿದೆ. ಪದ ಮುಗಿದ ಮೇಲೆ ಅದೇ ಹುಡುಗ ಮೈಕ್ ತೆರೆದು, "ಆಂಟಿ, ಹಿಂದೆ ಗರಗರ ಅಂತಿತ್ತಲ್ಲ, ಅದೇನು?" ಎಂದು ಕೇಳಿದ.