ಮಲಗಿದ ಬೆಕ್ಕಿನ ಉಸಿರು ಎಣಿಸಿ

ಒಡಹುಟ್ಟಿದ ಮರಿಗಳೆಲ್ಲ ಪರದೆ ಹತ್ತಿ ಕುಣಿಯುತ್ತಿರುವಾಗ ಒಂದು ಮರಿ ಮಾತ್ರ ಬೇಗ ದಣಿದು ಮೂಲೆಯಲ್ಲಿ ಕೂರುತ್ತದೆಯೆ? ಮಕ್ಕಳೇ, ಅದನ್ನು ಸೋಮಾರಿ ಎಂದು ನಗಬೇಡಿ. ಅದರ ಹೃದಯದಲ್ಲಿ ಹುಟ್ಟಿನಿಂದಲೇ ತೊಂದರೆ ಇದ್ದೀತು.

ಬೆಕ್ಕಿಗೂ ನಮ್ಮ ಹಾಗೆ ನಾಲ್ಕು ಕೋಣೆಗಳ ಹೃದಯವಿದೆ. ಅದು ನಿಮಿಷಕ್ಕೆ 140ರಿಂದ 220 ಸಲ ಬಡಿಯುತ್ತದೆ. ಅದರಲ್ಲಿ ನಾಲ್ಕು ಕವಾಟಗಳಿವೆ. ಕವಾಟವೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ರಕ್ತ ಮುಂದೆ ಹೋಗಬಹುದು, ಹಿಂದೆ ಬರಬಾರದು.

ಕೆಲವು ಮರಿಗಳಲ್ಲಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ಎಡಗಡೆಯ ಮೈಟ್ರಲ್ ಅಥವಾ ಬಲಗಡೆಯ ಟ್ರೈಕಸ್ಪಿಡ್ ಕವಾಟ ಸರಿಯಾಗಿ ಬೆಳೆದಿರುವುದಿಲ್ಲ. ಎಸಳು ದಪ್ಪಗಿರುತ್ತದೆ, ಇಲ್ಲವೇ ಅದನ್ನು ಹಿಡಿದಿರುವ ದಾರದಂಥ ತಂತು ಗಿಡ್ಡವಾಗಿರುತ್ತದೆ. ಬಾಗಿಲು ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಸೋರಿಕೆ ಹೆಚ್ಚಾದರೆ ಶ್ವಾಸಕೋಶ, ಎದೆಗೂಡು ಅಥವಾ ಹೊಟ್ಟೆಯಲ್ಲಿ ನೀರು ತುಂಬಬಹುದು.

ಸೋರುವ ರಕ್ತದ 'ಸುಯ್' ಸದ್ದನ್ನು ಪಶುವೈದ್ಯರು ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಬೆಕ್ಕು ಗುರ್‌ಗುಟ್ಟುತ್ತಿದ್ದರೆ ಅದು ಸರಿಯಾಗಿ ಕೇಳಿಸದು! ಆಗ ಕೆಲವರು ನಲ್ಲಿ ತಿರುಗಿಸುತ್ತಾರೆ. ನೀರಿನ ಸದ್ದಿಗೆ ಕಿವಿ ನಿಮಿರಿಸಿ ಬೆಕ್ಕು ಸುಮ್ಮನಾಗುವುದುಂಟು. ಆದರೆ ಆರೋಗ್ಯವಾಗಿರುವ ಬೆಕ್ಕಿನಲ್ಲೂ ಇಂಥ ಸದ್ದು ಕೇಳಬಹುದು. ನಿಜ ತಿಳಿಯಲು ಎಕೋ ಪರೀಕ್ಷೆಯೇ ಬೇಕು.

ಬೆಕ್ಕು ತನ್ನ ಕಷ್ಟವನ್ನು ತೋರಗೊಡುವುದಿಲ್ಲ. ಆದ್ದರಿಂದ ಮನೆಯವರೇ ಒಂದು ಲೆಕ್ಕ ಇಡಬೇಕು. ಬೆಕ್ಕು ಮಲಗಿ ನಿದ್ರಿಸುವಾಗ ಅಜ್ಜ ಗಡಿಯಾರ ನೋಡಲಿ, ಮೊಮ್ಮಕ್ಕಳು ಉಸಿರು ಎಣಿಸಲಿ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡಿನ ಎಣಿಕೆಯನ್ನು ಎರಡರಿಂದ ಗುಣಿಸಿ, ದಿನಾಂಕ ಹಾಕಿ ನೋಟ್‌ಪುಸ್ತಕದಲ್ಲಿ ಬರೆಯಿರಿ. ಸಾಮಾನ್ಯವಾಗಿ ಇದು ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರುತ್ತದೆ. ಮತ್ತೆ ಮತ್ತೆ ಎಣಿಸಿದರೂ 30 ದಾಟಿದರೆ ವೈದ್ಯರಿಗೆ ತಿಳಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರಂತೂ ಒಂದು ಗಳಿಗೆಯೂ ಕಾಯಬೇಡಿ.

ಔಷಧಿಯಿಂದ ಕವಾಟ ರಿಪೇರಿಯಾಗದು. ಆದರೆ ತುಂಬಿದ ನೀರನ್ನು ಇಳಿಸಿ ಉಸಿರಾಟ ಸುಲಭ ಮಾಡಬಹುದು. ದೋಷ ಸಣ್ಣದಾಗಿದ್ದರೆ ಬೆಕ್ಕು ಬಹಳ ವರ್ಷ ಸುಖವಾಗಿ ಬಾಳುತ್ತದೆ. ಅಂಥ ಬೆಕ್ಕಿನಿಂದ ಮರಿ ಮಾಡಿಸಬಾರದು.

ಅಜ್ಜ ಅಜ್ಜಿಯರಿಗೊಂದು ಮಾತು: ನಮ್ಮ ಮಾತ್ರೆ ಡಬ್ಬಿಯಿಂದ ಬೆಕ್ಕಿಗೆ ಏನನ್ನೂ ಕೊಡಬೇಡಿ. ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ವೈದ್ಯರ ಬಳಿ ಹೋಗುವಾಗ ಮಕ್ಕಳು ಬರೆದ ಆ ನೋಟ್‌ಪುಸ್ತಕವನ್ನು ಮರೆಯದೆ ಒಯ್ಯಿರಿ.