ಹಳದಿ ಹಕ್ಕಿ ಕಲಿಸಿದ ಪಾಠ

ಸಾಮಾಜಿಕ ಜಾಲತಾಣಗಳು ಹೊಸತಾಗಿ ಬಂದಾಗ ಜನರು ಅವನ್ನು ಊರ ಅರಳಿಕಟ್ಟೆಯೆಂದೇ ಬಗೆದರು. ಯಾರು ಬೇಕಾದರೂ ಬರಬಹುದು, ಮನಸ್ಸಿಗೆ ತೋರಿದುದನ್ನು ಆಡಬಹುದು, ಕಾಸಿನ ವೆಚ್ಚವಿಲ್ಲ. ಆ ನಂಬುಗೆಯು ಈಗ ಸಡಿಲವಾಗಿದೆ. ಕೋಟ್ಯಂತರ ಜನರ ವಿವರಗಳು ಫೇಸ್‌ಬುಕ್ಕಿನಿಂದ ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಕೈಸೇರಿದ್ದುದು 2018ರಲ್ಲಿ ಬಯಲಾಯಿತು. 2022ರ ಅಕ್ಟೋಬರಿನಲ್ಲಿ ಈಲಾನ್ ಮಸ್ಕರು 4,400 ಕೋಟಿ ಡಾಲರು ತೆತ್ತು ಟ್ವಿಟರನ್ನು ಕೊಂಡರು. ಮರುವರ್ಷ ಅದರ ಹೆಸರೇ ‘ಎಕ್ಸ್’ ಎಂದಾಯಿತು. ಕಟ್ಟೆಗೆ ಒಡೆಯನೊಬ್ಬನುಂಟು, ಅವನು ಅದನ್ನು ಮಾರಲೂ ಬಲ್ಲನು ಎಂಬುದು ಆಗ ಸಾಮಾನ್ಯನಿಗೂ ಮನವರಿಕೆಯಾಯಿತು.

ಪರಕೀಯರ ಕಟ್ಟೆ ಬೇಡವೆಂದು ನಮ್ಮವರೇ ಒಂದನ್ನು ಕಟ್ಟಿದುದೂ ಉಂಟು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ ಎಂಬವರು 2020ರಲ್ಲಿ ಬೆಂಗಳೂರಿನಲ್ಲಿ ‘ಕೂ’ ಎಂಬ ತಾಣವನ್ನು ತೆರೆದರು. ಹಳದಿ ಹಕ್ಕಿಯ ಚಿಹ್ನೆಯ ಈ ತಾಣವು ಮೊದಲು ನುಡಿದುದು ಕನ್ನಡವನ್ನೇ ಎಂಬುದು ನಮಗೆ ಹೆಮ್ಮೆಯ ಮಾತು. 2021ರ ಫೆಬ್ರವರಿಯಲ್ಲಿ, ರೈತರ ಚಳವಳಿಯ ಸಂದರ್ಭದಲ್ಲಿ, ಟ್ವಿಟರಿಗೂ ಕೇಂದ್ರ ಸರಕಾರಕ್ಕೂ ವಿರಸವುಂಟಾಗಲು, ಮಂತ್ರಿಗಳೂ ಸರಕಾರದ ಇಲಾಖೆಗಳೂ ‘ಕೂ’ವಿನತ್ತ ನಡೆದುವು. ಆದರೂ 2024ರ ಜುಲೈಯಲ್ಲಿ ಅದು ಮುಚ್ಚಿತು. ಇತರ ಸಂಸ್ಥೆಗಳೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲ, ತಾಣವನ್ನು ನಡೆಸುವ ವೆಚ್ಚವನ್ನು ಭರಿಸುವುದು ದುಸ್ಸಾಧ್ಯ ಎಂದು ಸ್ಥಾಪಕರು ತಿಳಿಸಿದರು.

ಇದಕ್ಕಾಗಿ ಅವರನ್ನು ಹಳಿಯುವುದು ನ್ಯಾಯವಲ್ಲ. ಆದರೆ ಒಡೆಯನು ನಮ್ಮವನಾದ ಮಾತ್ರಕ್ಕೆ ಮನೆಯು ನಮ್ಮದಾಗದು ಎಂಬ ಪಾಠವನ್ನು ಮರೆಯುವುದೂ ವಿವೇಕವಲ್ಲ. ಸ್ವದೇಶಿಯ ಸಾರವು ವಸ್ತುವಿನ ಹುಟ್ಟೂರಿನಲ್ಲಿ ಮಾತ್ರವಿಲ್ಲ. ಅದನ್ನು ಬಳಸುವವನ ಸ್ವಾಧೀನತೆಯಲ್ಲಿದೆ.

ಈ ಸ್ವಾಧೀನತೆಯನ್ನೇ ಗುರಿಯಾಗಿಟ್ಟ ಮತ್ತೊಂದು ಪ್ರಯೋಗವು 2016ರಲ್ಲಿ ಜರ್ಮನಿಯಲ್ಲಿ ಆರಂಭವಾದ ‘ಮಾಸ್ಟೊಡಾನ್’. ಅದರ ರೀತಿಯು ಅಂಚೆಯಂತೆ. ಧಾರವಾಡದಲ್ಲಿ ಹಾಕಿದ ಕಾಗದವು ಲಂಡನ್ನಿಗೆ ತಲಪುವುದು. ಎರಡೂ ಊರಿನ ಅಂಚೆಗೆ ಒಬ್ಬನೇ ಧಣಿಯಿರಬೇಕಾಗಿಲ್ಲ, ಕಟ್ಟಳೆ ಒಂದಾಗಿದ್ದರೆ ಸಾಕು. ಹಾಗೆಯೇ ಇಲ್ಲಿ ಬೇರೆ ಬೇರೆಯವರು ನಡೆಸುವ ಸಾವಿರಾರು ತಾಣಗಳು ಪರಸ್ಪರ ಸಂದೇಶಗಳನ್ನು ಕೊಟ್ಟು ಕೊಳ್ಳುವುವು. 2019ರಲ್ಲಿ ಹಿರಿಯ ವಕೀಲ ಸಂಜಯ ಹೆಗ್ಡೆಯವರ ಖಾತೆಯನ್ನು ಟ್ವಿಟರು ತಡೆಹಿಡಿದಾಗ ಭಾರತೀಯರನೇಕರು ಇತ್ತ ಬಂದರು. ಆ ಉತ್ಸಾಹವು ಬಹುಕಾಲ ನಿಲ್ಲಲಿಲ್ಲ. ಗೆಳೆಯರೆಲ್ಲರೂ ಹಳೆಯ ಕಟ್ಟೆಯಲ್ಲಿಯೇ ಕುಳಿತಿರುವಾಗ ಹೊಸ ಕಟ್ಟೆಯಲ್ಲಿ ಒಬ್ಬನೇ ಕುಳಿತು ಮಾಡುವುದೇನು? ದೊಡ್ಡ ಸಂಸ್ಥೆಗಳ ನಿಜವಾದ ಬಲವು ಇದೇ.

ಮಾಸ್ಟೊಡಾನಿನಲ್ಲಿಯೂ ಕೊರತೆಗಳಿವೆ. ಸ್ವಯಂಸೇವಕರ ಸಣ್ಣ ತಾಣಗಳೂ ಮುಚ್ಚಬಹುದು. ಒಂದು ತಾಣವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವವನು ತನ್ನ ಅನುಯಾಯಿಗಳನ್ನು ಕರೆದೊಯ್ಯಬಲ್ಲನು; ಹಳೆಯ ಬರಹಗಳು ತಾವಾಗಿ ಹಿಂದೆ ಬರುವುದಿಲ್ಲ. ಆದರೂ ಮನೆ ಬದಲಿಸಿದರೆ ಬಂಧುಗಳನ್ನು ಕಳೆದುಕೊಳ್ಳಬೇಕಾಗಿಲ್ಲವೆಂಬುದು ಅಲ್ಪಲಾಭವಲ್ಲ.

ಇಂದು ಕನ್ನಡದ ಕವಿತೆ, ವಿಮರ್ಶೆ, ಊರಿನ ಚರಿತ್ರೆ, ಅಜ್ಜಿ ಹೇಳಿದ ಗಾದೆಗಳೆಲ್ಲವೂ ಇಂತಹ ತಾಣಗಳಲ್ಲಿಯೇ ಬೀಳುತ್ತಿವೆ. ಒಡೆಯನು ಬಾಗಿಲು ಮುಚ್ಚಿದ ದಿನ ಅವುಗಳ ಗತಿಯೇನು? ಬರೆಯುವವರು ತಮ್ಮ ಬರಹದ ಪ್ರತಿಯೊಂದನ್ನು ತಮ್ಮಲ್ಲಿ ಕಾದಿರಿಸಲಿ. ನಮ್ಮ ವಿಶ್ವವಿದ್ಯಾನಿಲಯಗಳೂ ಗ್ರಂಥಾಲಯಗಳೂ ಸಾಹಿತ್ಯ ಸಂಸ್ಥೆಗಳೂ ಇಂತಹ ತಾಣಗಳನ್ನು ತಾವೇ ನಡೆಸಲು ಮುಂದಾಗಲಿ. ಹರಟೆಗೆ ಬಾಡಿಗೆಯ ಜಗಲಿ ಸಾಕು. ಭಾಷೆಯ ಕಣಜವನ್ನು ಬಾಡಿಗೆಯ ಮನೆಯಲ್ಲಿಡುವುದು ತರವಲ್ಲ.