ಸಂಬಳ ಏರಿತು, ತಾರೀಖು ಕೈಕೊಟ್ಟಿತು!

‘ಸರ್ಕಾರಿ ನೌಕರರಿಗೇನ್ರೀ, ಒಂದೇ ಏಟಿಗೆ ಶೇಕಡಾ 58 ಜಾಸ್ತಿ!’

2024ರ ಜುಲೈ 15ರಂದು ಏಳನೇ ರಾಜ್ಯ ವೇತನ ಆಯೋಗದ ವರದಿಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದೇ ತಡ, ಮಂಡಿಪೇಟೆಯ ಅಂಗಡಿ ಕಟ್ಟೆಗಳಲ್ಲಿ, ಬಸ್ ಸ್ಟ್ಯಾಂಡಿನ ಟೀ ಗೂಡಂಗಡಿಗಳಲ್ಲಿ ಇದೇ ಮಾತು. ಉದ್ರಿ ಪುಸ್ತಕ ಇಟ್ಟುಕೊಂಡವರಿಗಂತೂ ಹಳೇ ಬಾಕಿ ವಸೂಲಾದೀತೆಂಬ ಆಸೆ!

ಲೆಕ್ಕಕ್ಕೆ ಕೂತರೆ ಕಥೆಯೇ ಬೇರೆ.

ಕಟ್ಟಕಡೆಯ ನೌಕರನ ಹಳೇ ಮೂಲ ವೇತನ 17,000 ರೂಪಾಯಿ. ಅದಕ್ಕೆ ಶೇ. 31 ತುಟ್ಟಿಭತ್ಯೆ, ಅಂದರೆ 5,270 ಸೇರಿಸಿದರು. ಇದು ಹೊಸ ದುಡ್ಡಲ್ಲ, ಮೊದಲೇ ಕೈಗೆ ಬರುತ್ತಿದ್ದದ್ದು. ಹೊಸದಾಗಿ ಕೊಟ್ಟದ್ದು ಶೇ. 27.5, ಅಂದರೆ 4,675. ಒಟ್ಟು 26,945, ಸರಿಮಾಡಿ 27,000.

ಜುಲೈನಲ್ಲಿ ಈತ ಎಣಿಸಿಕೊಂಡದ್ದು ಎಷ್ಟು? ಮೂಲ ವೇತನ, ಶೇ. 42.5 ತುಟ್ಟಿಭತ್ಯೆ, ಶೇ. 17 ಮಧ್ಯಂತರ ಪರಿಹಾರ ಸೇರಿ 27,115. ಆಗಸ್ಟ್‌ನಲ್ಲಿ? 27,000ದ ಮೇಲೆ ಶೇ. 8.5 ತುಟ್ಟಿಭತ್ಯೆ, ಒಟ್ಟು 29,295. ಮನೆ ಬಾಡಿಗೆ ಭತ್ಯೆ ಬಿಟ್ಟರೆ ಹೆಚ್ಚಿದ್ದು 2,180 ರೂಪಾಯಿ. 58 ಎಲ್ಲಿ, ಇದೆಲ್ಲಿ?

ಆ ಹದಿನೇಳಾದರೂ ಸುಮ್ಮನೆ ಬಂದದ್ದಲ್ಲ. 2023ರ ಮಾರ್ಚ್ 1ರಂದು ರಾಜ್ಯದಾದ್ಯಂತ ಮುಷ್ಕರ. ವಿಧಾನಸಭೆ ಚುನಾವಣೆ ಬಾಗಿಲಲ್ಲಿ. ಅಂದೇ ಬೊಮ್ಮಾಯಿ ಸರ್ಕಾರ ಏಪ್ರಿಲ್‌ನಿಂದ ಶೇ. 17 ಕೊಡುತ್ತೇವೆಂದು ಆದೇಶ ಹೊರಡಿಸಿತು, ಮುಷ್ಕರ ನಿಂತಿತು. ಮಾಜಿ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಆಯೋಗದ ವರದಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಸೇರಿದ್ದು 2024ರ ಮಾರ್ಚ್ 16ಕ್ಕೆ.

25 ತಿಂಗಳ ಕಂದಕ

ನಿಜವಾದ ತಕರಾರು ಇರೋದು ತಾರೀಖಿನಲ್ಲಿ. ಹೊಸ ವೇತನ 2022ರ ಜುಲೈ 1ರಿಂದಲೇ ಜಾರಿ, ಆದರೆ ಕಾಗದದ ಮೇಲೆ ಮಾತ್ರ. ದುಡ್ಡು ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ಹಿಂದಿನ ಆರನೇ ಆಯೋಗದಲ್ಲೂ ಹೀಗೇ ಆಗಿತ್ತು, ಆದರೆ ಆಗ ನಡುವೆ ಇದ್ದದ್ದು ಒಂಬತ್ತು ತಿಂಗಳು. ಈ ಸಲ ಇಪ್ಪತ್ತೈದು!

ಸರ್ವೀಸಿನಲ್ಲಿ ಇದ್ದವರು ಹೇಗೋ ಸಹಿಸಿಕೊಂಡರು. ಆ 25 ತಿಂಗಳಲ್ಲಿ ನಿವೃತ್ತರಾದವರ ಪಾಡೇನು? ಅವರ ವೇತನವನ್ನು ಕಾಗದದಲ್ಲಿ ಪರಿಷ್ಕರಿಸಿದರು, ಆಗಸ್ಟ್‌ನಿಂದ ಪಿಂಚಣಿಯನ್ನೂ ಏರಿಸಿದರು. ಗ್ರಾಚ್ಯುಟಿ, ಗಳಿಕೆ ರಜೆಯ ದುಡ್ಡು, ಪಿಂಚಣಿ ಕಮ್ಯುಟೇಶನ್ ಈ ಮೂರು ಮಾತ್ರ ಹಳೇ ಸಂಬಳದ ಲೆಕ್ಕದಲ್ಲೇ ನಿಂತವು. ಮನೆ ಸಾಲ ತೀರಿಸೋದು, ಮಗಳ ಮದುವೆ ಮಾಡೋದು ಈ ಇಡಿಗಂಟಿನಿಂದಲೇ ಅಲ್ಲವೆ?

ಒಂದೇ ಕಚೇರಿಯ ಇಬ್ಬರು ಗುಮಾಸ್ತರು ಅಂತಿಟ್ಟುಕೊಳ್ಳಿ. ಇಬ್ಬರದೂ ಹಳೇ ಮೂಲ ವೇತನ 50,000, ಇಬ್ಬರದೂ ಪೂರ್ತಿ ಸರ್ವೀಸು. ಒಬ್ಬರು 2024ರ ಜುಲೈ 31, ಬುಧವಾರ ಹಾರ ಹಾಕಿಸಿಕೊಂಡು ಮನೆಗೆ ಹೋದರು. ಇನ್ನೊಬ್ಬರು ಆಗಸ್ಟ್ 31, ಶನಿವಾರ. ಪಿಂಚಣಿಯ ಮೂರನೇ ಒಂದು ಪಾಲನ್ನು ಕಮ್ಯುಟೇಶನ್ ಮಾಡಿಸಿದರೆ ಮೊದಲನೆಯವರಿಗೆ ಇಡಿಗಂಟಿನ ಲೆಕ್ಕ ತಿಂಗಳಿಗೆ 8,333 ರೂಪಾಯಿಯ ಮೇಲೆ. ಎರಡನೆಯವರಿಗೆ ಸುಮಾರು 13,200ರ ಮೇಲೆ. ಗಳಿಕೆ ರಜೆ 300 ದಿನ ಉಳಿಸಿಕೊಂಡಿದ್ದರೆ ಹತ್ತು ತಿಂಗಳ ಸಂಬಳದಲ್ಲೂ ಇದೇ ತಾರತಮ್ಯ. ಹುಟ್ಟಿದ ತಾರೀಖು ಒಂದು ತಿಂಗಳು ಹಿಂದೆ ಬಿದ್ದದ್ದೇ ಮೊದಲನೆಯವರ ತಪ್ಪು!

ಈ ಏರಿಕೆಯಿಂದ ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಸರ್ಕಾರ ಹೇಳಿತು. ಸಣ್ಣ ಮೊತ್ತವೇನಲ್ಲ. ‘ನಮ್ಮ ಅಂಗಡಿ ಹುಡುಗನಿಗೆ ತುಟ್ಟಿಭತ್ಯೆಯೂ ಇಲ್ಲ, ಪಿಂಚಣಿಯೂ ಇಲ್ಲ’ ಅನ್ನೋ ವ್ಯಾಪಾರಿಗಳ ಮಾತೂ ಸುಳ್ಳಲ್ಲ. 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿ ಎನ್‌ಪಿಎಸ್‌ಗೆ ಬಿದ್ದವರದ್ದು ಇನ್ನೊಂದೇ ಗೋಳು, ಅದು ಬೇರೆ ದಿನಕ್ಕಿರಲಿ.

ಆದರೆ 2022ರ ಜುಲೈನಿಂದಲೇ ನಿನ್ನ ಸಂಬಳ ಇಷ್ಟು ಅಂತ ಒಪ್ಪಿಕೊಂಡ ಮೇಲೆ, ಗ್ರಾಚ್ಯುಟಿ ಹೊತ್ತಿಗೆ ಅಲ್ಲ ಅನ್ನೋದು ಯಾವ ಊರಿನ ನ್ಯಾಯ? ಹತ್ತು ರೂಪಾಯಿಗೆ ರಸೀದಿ ಬರೆದು ಆರು ರೂಪಾಯಿ ಎಣಿಸಿದ ಹಾಗೆ.

ಮನವಿ ಪತ್ರ ಹಿಡಿದು ಬೀದಿಗಿಳಿದ ಈ ನಿವೃತ್ತರು ಕೇಳಿದ್ದು ಇಷ್ಟೇ: ಸರ್ಕಾರವೇ ನಿಗದಿ ಮಾಡಿದ ಹೊಸ ಸಂಬಳದ ಮೇಲೆ ಆ ಮೂರು ಬಾಬ್ತುಗಳನ್ನು ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸ ಕೊಡಿ.